ವೃದ್ಧಾಶ್ರಮದ ಹಾಸಿಗೆಗೆ ಉಪಶಮನ ಬರಲಿ

2025ನೆಯ ಇಸವಿ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆಯವರು ಹೊರಡಿಸಿದ ಸುತ್ತೋಲೆಯು ನಾಡಿನಲ್ಲಿ ಸಾಕಷ್ಟು ಚರ್ಚೆಗೆ ಕಾರಣವಾಯಿತು. ಗುಣವಾಗುವ ಆಸೆಯಿಲ್ಲದ ರೋಗಿಯ ಉಸಿರನ್ನು ಯಂತ್ರಗಳಿಂದ ಹಿಡಿದಿಡುವ ಚಿಕಿತ್ಸೆಯನ್ನು ಯಾವಾಗ, ಯಾರ ಒಪ್ಪಿಗೆಯ ಮೇಲೆ ನಿಲ್ಲಿಸಬಹುದೆಂಬುದನ್ನು ಅದು ವಿವರಿಸುತ್ತದೆ. ಸುಪ್ರೀಂ ಕೋರ್ಟು 2018ರಲ್ಲಿ ಕೊಟ್ಟು 2023ರಲ್ಲಿ ಸರಳಗೊಳಿಸಿದ ತೀರ್ಪೇ ಅದಕ್ಕೆ ಆಧಾರ. ಇದನ್ನು ದಯಾಮರಣವೆಂದು ಕರೆದು ಗಾಬರಿಗೊಂಡವರೂ ಉಂಟು. ಅವರ ಗಾಬರಿ ನಿರಾಧಾರವಾದುದು. ಕೊಲ್ಲುವುದಕ್ಕೂ, ವ್ಯರ್ಥ ಚಿಕಿತ್ಸೆಯನ್ನು ಕೈಬಿಡುವುದಕ್ಕೂ ಇರುವ ಅಂತರವನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ನಮ್ಮ ಪ್ರಶ್ನೆ ಬೇರೆ. ಕೊನೆಯ ಗಳಿಗೆಯ ವಿಷಯದಲ್ಲಿ ಇಷ್ಟು ವಾದ ಮಾಡಿದ ಜನವು, ಅದಕ್ಕೆ ಮುಂಚಿನ ಎರಡು ಮೂರು ವರ್ಷಗಳನ್ನು ಹಾಸಿಗೆಯ ಮೇಲೆ ಕಳೆಯುವ ಮುದುಕರ ನೋವಿನ ವಿಷಯದಲ್ಲಿ ಏಕೆ ಮೌನವಾಗಿದೆ?

ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. ಬೆಂಗಳೂರಿನ ಉತ್ತರಕ್ಕಿರುವ ಅಲ್ಲಾಳಸಂದ್ರವು ಹಿಂದೆ ತನ್ನ ಕೆರೆಯನ್ನು ನೆಚ್ಚಿಕೊಂಡಿದ್ದ ಹಳ್ಳಿ. ಈಗ ನಗರದ ಒಂದು ಭಾಗ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ಬಳ್ಳಾರಿ ರಸ್ತೆಯೇ ನಮ್ಮ ಮಕ್ಕಳು ಪರದೇಶಗಳಿಗೆ ಹೊರಡುವ ರಾಜಮಾರ್ಗವಾಗಿದೆ. ಹೋದವರನ್ನು ನಾವು ದೂಷಿಸುವುದಿಲ್ಲ. ಅನ್ನ ದೊರೆಯುವಲ್ಲಿಗೆ ಯೌವನವು ಹೋಗತಕ್ಕದ್ದೇ. ಆದರೆ ಹಿಂದುಳಿದ ತಾಯಿತಂದೆಗಳಲ್ಲಿ ಅನೇಕರು ವೃದ್ಧಾಶ್ರಮಗಳನ್ನು ಸೇರುತ್ತಿರುವರೆಂಬುದು ಸರ್ವವಿದಿತ. 2011ರ ಜನಗಣತಿಯಲ್ಲಿಯೇ ಕರ್ನಾಟಕದ ಅರವತ್ತು ದಾಟಿದವರ ಸಂಖ್ಯೆ ಸುಮಾರು 58 ಲಕ್ಷವಿದ್ದಿತು.

ಇಲ್ಲಿ ಒಂದು ವಿಚಿತ್ರವುಂಟು. ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಬಲ್ಲವರಿಗೆ ಮಾತ್ರ ಪ್ರವೇಶವೆಂದು ಅನೇಕ ಆಶ್ರಮಗಳು ನಿಯಮವಿಟ್ಟಿವೆ. ಎಂದರೆ, ಮುಪ್ಪು ನಿಜವಾಗಿ ಬಂದ ದಿನ ಆಶ್ರಯವು ಮುಗಿಯುತ್ತದೆ. ಕಾಲು ಬಿದ್ದವರನ್ನು ಕರೆದೊಯ್ಯಿರೆಂದು ಮನೆಯವರಿಗೆ ದೂರವಾಣಿ ಹೋಗುತ್ತದೆ. ಇಲ್ಲವೇ ಆಂಬುಲೆನ್ಸು ಬಂದು ಅವರನ್ನು ದೊಡ್ಡ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಸಾಗಿಸುತ್ತದೆ. ಅಲ್ಲಿ ಗಾಜಿನ ಆಚೆ ಮಗಳು, ಈಚೆ ತಾಯಿ. ಲಕ್ಷಗಟ್ಟಲೆ ಹಣ ಕರಗುತ್ತದೆ. ನೋವು ಮಾತ್ರ ಕರಗುವುದಿಲ್ಲ. ಆಶ್ರಮದವರನ್ನು ನಿರ್ದಯರೆಂದು ನಾವು ಹೇಳಲಾರೆವು. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿ ಒದ್ದಾಡುವ ಮುದುಕನ ಬಳಿ ಏನು ಮಾಡಬೇಕೆಂಬುದನ್ನು ಅಲ್ಲಿರುವ ಆಯಾಗೆ ಯಾರೂ ಕಲಿಸಿಲ್ಲ.

ಕಲಿಸತಕ್ಕ ವಿದ್ಯೆಯು ಇದ್ದೇ ಇದೆ. ವೈದ್ಯರು ಪ್ಯಾಲಿಯೇಟಿವ್ ಕೇರ್ ಎನ್ನುವ ಇದನ್ನು ಕನ್ನಡದಲ್ಲಿ ಉಪಶಾಮಕ ಆರೈಕೆ ಎನ್ನುತ್ತಾರೆ. ರೋಗವನ್ನು ಗೆಲ್ಲಲಾಗದಿದ್ದರೂ ನೋವು, ಉಬ್ಬಸ, ವಾಂತಿ, ಮನಸ್ಸಿನ ದಿಗಿಲುಗಳನ್ನು ತಗ್ಗಿಸುವುದು ಇದರ ಕಾರ್ಯ. ಸಾಯುವ ವಾರದಲ್ಲಷ್ಟೇ ಕೊಡತಕ್ಕದ್ದೆಂಬ ತಿಳಿವಳಿಕೆ ತಪ್ಪು. ಮಾಸದ ರೋಗವು ಹಿಡಿದ ದಿನದಿಂದಲೇ ಇದು ಇತರ ಚಿಕಿತ್ಸೆಯ ಜೊತೆಯಲ್ಲಿ ನಡೆಯಬಹುದು. ಇದರ ಬಹುಭಾಗಕ್ಕೆ ಯಂತ್ರ ಬೇಡ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿದರೆ ಬೆನ್ನಿನ ಹುಣ್ಣು ಬಹುಮಟ್ಟಿಗೆ ತಪ್ಪುವುದು. ಮುಖದ ಮೇಲೆ ಬೀಸಣಿಗೆಯ ಗಾಳಿ ಬಿದ್ದರೆ ಉಬ್ಬಸವು ಎಷ್ಟೋ ಹಗುರವಾಗುವುದೆಂದು ಪರೀಕ್ಷೆಗಳು ತೋರಿಸಿವೆ. ನಮ್ಮ ಅಜ್ಜಿಯರಿಗೆ ಇದು ಪರೀಕ್ಷೆಯಿಲ್ಲದೆಯೇ ಗೊತ್ತಿತ್ತು. ಮರೆಗುಳಿ ರೋಗದವರು ನೋವನ್ನು ಬಾಯಿಂದ ಹೇಳಲಾರರು. ಹುಬ್ಬಿನ ಗಂಟು, ನರಳಿಕೆ, ಊಟ ನೂಕುವ ಕೈ, ಇವುಗಳಿಂದ ಅದನ್ನು ಓದಬೇಕು. ಹಟವೆಂದು ಗದರುವ ಆಯಾ ಇದನ್ನರಿತರೆ ಗದರಲಾರಳು.

ಬೀಸಣಿಗೆಗೆ ಜಗ್ಗದ ನೋವಿಗೆ ಮಾರ್ಫಿನ್ ಬೇಕು. ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು, ನೀಮಚ್ ಮತ್ತು ಗಾಜೀಪುರಗಳ ಸರ್ಕಾರಿ ಕಾರ್ಖಾನೆಗಳಲ್ಲಿ ಸಂಸ್ಕರಿಸಿ, ಹೊರದೇಶಗಳಿಗೂ ಕಳುಹಿಸಿದ ದೇಶ ನಮ್ಮದು. ಪರರ ನೋವನ್ನು ಶಮನಗೊಳಿಸುವ ಬೆಳೆ ನಮ್ಮ ಹೊಲದಲ್ಲಿರಲು, ನಮ್ಮ ಮುದುಕರು ಹಲ್ಲು ಕಚ್ಚಿ ನರಳುವುದಕ್ಕಿಂತ ನಾಚಿಕೆಗೇಡು ಯಾವುದು? 1985ರ ಮಾದಕ ವಸ್ತುಗಳ ಕಾನೂನು ಬಂದ ಮೇಲೆ ಈ ಔಷಧಕ್ಕೆ ಹಲವು ಕಚೇರಿಗಳ ಲೈಸೆನ್ಸು ಬೇಕಾಗಿ, ಆಸ್ಪತ್ರೆಗಳೇ ಅದನ್ನು ಕೈಬಿಟ್ಟವು. 2014ರಲ್ಲಿ ಪಾರ್ಲಿಮೆಂಟು ಕಾನೂನನ್ನು ತಿದ್ದಿತು. ಈಗ ಮಾನ್ಯತೆ ಪಡೆದ ವೈದ್ಯ ಸಂಸ್ಥೆಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕು. ಬಾಗಿಲು ತೆರೆದಿದೆ, ಒಳಗೆ ಹೋಗುವವರು ಕಡಮೆ. ವೃದ್ಧಾಶ್ರಮಗಳೇ ಮಾರ್ಫಿನ್ ದಾಸ್ತಾನು ಮಾಡಲೆಂದು ನಾವು ಹೇಳುತ್ತಿಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯು ಮಾನ್ಯತೆ ಪಡೆದು, ಅದರ ವೈದ್ಯರು ಆಶ್ರಮಕ್ಕೆ ಬಂದು ನೋಡಿ ಬರೆದುಕೊಡಲಿ ಎನ್ನುತ್ತೇವೆ.

ಬೆಂಗಳೂರಿನಲ್ಲಿ ಈ ಕಾರ್ಯದ ಅನುಭವವಿಲ್ಲವೇ? ಇದೆ. 1994ರಲ್ಲಿ ಸ್ಥಾಪಿತವಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟಿನವರು ಮಾರತ್ತಹಳ್ಳಿಯ ಕಡೆ ನಡೆಸುವ ‘ಕರುಣಾಶ್ರಯ’ವು ಕ್ಯಾನ್ಸರಿನ ಕೊನೆಯ ಘಟ್ಟದವರನ್ನು ಕಾಸಿಲ್ಲದೆ ನೋಡಿಕೊಳ್ಳುತ್ತ ಬಂದಿದೆ. ಆದರೆ ಮುದುಕರ ನೋವೆಲ್ಲವೂ ಕ್ಯಾನ್ಸರಲ್ಲ. ಅಲ್ಲಾಳಸಂದ್ರದಿಂದ ಮಾರತ್ತಹಳ್ಳಿಯೂ ಸಮೀಪವಲ್ಲ. ನೆರೆಯ ಕೇರಳವು 1993ರಲ್ಲಿ ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನ ಒಂದು ಕ್ಲಿನಿಕ್ಕಿನಿಂದ ಹೊರಟು, ಊರಿನ ಸ್ವಯಂಸೇವಕರನ್ನೂ ಪಂಚಾಯಿತಿಗಳನ್ನೂ ಕೂಡಿಸಿಕೊಂಡು, 2008ರಲ್ಲಿ ರಾಜ್ಯದ ನೀತಿಯನ್ನೇ ಮಾಡಿತು. ಅಲ್ಲಿ ನರ್ಸು ರೋಗಿಯ ಮನೆಗೆ ಹೋಗುತ್ತಾಳೆ. ನಮ್ಮ ರಾಜ್ಯದ ನೀತಿ 2016ರದು. ನೀತಿಯ ಕಾಗದ ನಮ್ಮಲ್ಲಿಯೂ ಇದೆಯೆಂದಾಯಿತು.

ಅಡ್ಡಿಯೆಲ್ಲಿ? ಆಸ್ಪತ್ರೆಗಳು ಆರೋಗ್ಯ ಇಲಾಖೆಯವು. ವೃದ್ಧಾಶ್ರಮಗಳು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಸೇರಿದ ವಿಷಯ. ಹಾಸಿಗೆ ಹಿಡಿದ ಮುದುಕಿಯು ಎರಡರ ನಡುವಣ ಓಣಿಯಲ್ಲಿದ್ದಾಳೆ. ಒಬ್ಬರಿಗೆ ಅವಳು ರೋಗಿಯಲ್ಲ, ನಿವಾಸಿ. ಇನ್ನೊಬ್ಬರಿಗೆ ನಿವಾಸಿಯಲ್ಲ, ರೋಗಿ. ತಾಯಿತಂದೆಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾನೂನು, ಜಿಲ್ಲೆಗೊಂದಾದರೂ ನೂರೈವತ್ತು ಜನರಿಗೆ ಸಾಲುವ ಆಶ್ರಮವಿರಲೆಂದು ಹೇಳಿತು; ಹಿರಿಯರ ವೈದ್ಯಕೀಯ ನೆರವಿನ ಮಾತನ್ನೂ ಆಡಿತು. ನೋವಿನ ಮಾತನ್ನು ಇಲಾಖೆಗಳೇ ಸೇರಿಸಬೇಕು.

ಯಲಹಂಕದ ಸರ್ಕಾರಿ ಆಸ್ಪತ್ರೆಯಿಂದಲೇ ಇದು ಆರಂಭವಾಗಲಿ. ಉಪಶಮನದಲ್ಲಿ ತರಬೇತಾದ ವೈದ್ಯರೊಬ್ಬರು, ನರ್ಸುಗಳಿಬ್ಬರು, ಒಂದು ವಾಹನ; ಅಲ್ಲಾಳಸಂದ್ರ, ಜಕ್ಕೂರು, ಹೆಬ್ಬಾಳಗಳ ಆಶ್ರಮಗಳಿಗೆ ವಾರಕ್ಕೊಮ್ಮೆಯ ಭೇಟಿ; ರಾತ್ರಿ ಕರೆದರೆ ಉತ್ತರ ಕೊಡುವ ಒಂದು ದೂರವಾಣಿ. ಲೈಸೆನ್ಸು ಕೊಡುವಾಗಲೂ ನವೀಕರಿಸುವಾಗಲೂ, ಹಾಸಿಗೆ ಹಿಡಿದವರನ್ನು ಹೊರಗೆ ಹಾಕುವ ನಿಯಮವನ್ನು ಸಬಲೀಕರಣ ಇಲಾಖೆಯವರು ಒಪ್ಪಕೂಡದು. ಇನ್ನು ಮಕ್ಕಳ ಪಾಲಿನ ಕರ್ತವ್ಯವೊಂದಿದೆ. ತಾಯಿಯ ಬುದ್ಧಿ ತಿಳಿಯಾಗಿರುವಾಗಲೇ, ಕೊನೆಗಾಲದಲ್ಲಿ ಯಂತ್ರ ಬೇಕೋ ಬೇಡವೋ ಎಂದು ಅವಳನ್ನೇ ಕೇಳಿರಿ. ಅವಳ ಇಚ್ಛೆಯನ್ನು ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿಸಿ, ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢಪಡಿಸಿ, ಪ್ರತಿಯೊಂದನ್ನು ಆಶ್ರಮದ ಕಡತದಲ್ಲಿಡಿಸಿರಿ. ವಿದೇಶದ ವಿಮಾನ ಹಿಡಿಯುವ ಮುಂಚೆ ಒಂದು ಮಧ್ಯಾಹ್ನ ಸಾಕು.