ಒಳ್ಳೇ ಮಾಲಿದ್ದರೆ ಸಾಕೇ?

ಮಾಲು ಚೆನ್ನಾಗಿದ್ದರೆ ವ್ಯಾಪಾರ ತಾನಾಗೇ ಕುದುರುತ್ತೆ ಅನ್ನೋದು ನಮ್ಮಲ್ಲಿ ಬಹಳ ಜನರ ನಂಬಿಕೆ. ಮಾಲು ದೇಶ ದಾಟಬೇಕಾದಾಗ ಅದು ಅರ್ಧ ಸತ್ಯ ಅಷ್ಟೇ.

ನಮ್ಮ ಕಾಫಿಯನ್ನೇ ನೋಡಿ. 1940ರ ದಶಕದಿಂದ ಬೆಳೆಗಾರರ ಕಾಫಿ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು, ಮಾರೋದು ಮಂಡಳಿಯ ತಲೆನೋವು. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯ್ತು. ಸ್ವಾತಂತ್ರ್ಯ ಸಿಕ್ತು ನಿಜ... ಆದರೆ ಚಿಕ್ಕಮಗಳೂರಿನ ಸಣ್ಣ ರಫ್ತುದಾರನಿಗೆ ಇಟಲಿಯಲ್ಲಿ ಯಾರ ಪರಿಚಯವಿತ್ತು?

ಸ್ವೀಡನ್ನಿನ ಯೋಹಾನ್ಸನ್ ಮತ್ತು ವಾಲ್ನೆ ಎಂಬ ವಿದ್ವಾಂಸರು, ಕಂಪನಿಗಳು ಪರದೇಶದ ಮಾರುಕಟ್ಟೆಯನ್ನು ಹಂತಹಂತವಾಗಿ ಕಲಿಯುತ್ತವೆ ಅಂತ 1977ರಲ್ಲಿ ಬರೆದಿದ್ದರು. 2009ರಲ್ಲಿ ತಮ್ಮ ವಾದವನ್ನು ತಾವೇ ತಿದ್ದಿದರು: ಪರದೇಶಿಯಾಗಿರೋದಕ್ಕಿಂತ, ಅಲ್ಲಿನ ವ್ಯಾಪಾರ ಸಂಬಂಧಗಳ ಜಾಲದಿಂದ ಹೊರಗಿರೋದೇ ದೊಡ್ಡ ತೊಡಕು!

ಇದು ದಿಟ. ಸ್ಯಾಂಪಲ್ಲಿನಲ್ಲಿ ದೋಷ ಕಂಡರೆ ಅಪರಿಚಿತ ಖರೀದಿದಾರ ಸುಮ್ಮನೆ ಬೇರೆ ಕಡೆ ಹೋಗ್ತಾನೆ. ಪರಿಚಯದವನಾದರೆ "ಒಣಗಿಸೋದರಲ್ಲಿ ಎಡವಟ್ಟಾಗಿದೆ" ಅಂತ ಹೇಳ್ತಾನೆ. ಮುಂದಿನ ಲಾಟು ಸುಧಾರಿಸುತ್ತೆ. ಕಾಡು ಕಡಿದ ನೆಲದ ಕಾಫಿ ಬೇಡ ಅಂತ ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿತಲ್ಲ, ತೋಟದ ಯಾವ ವಿವರ ಕೊಡಬೇಕು ಅಂತ ಮೊದಲೇ ಎಚ್ಚರಿಸುವವನೂ ಅವನೇ. ದೊಡ್ಡ ಕಂಪನಿಗೆ ಇದಕ್ಕೆಲ್ಲ ಸಂಬಳದ ಜನ ಇರ್ತಾರೆ, ಸಣ್ಣವನಿಗೆ ಸಂಬಂಧವೇ ಬಂಡವಾಳ.

ಹಾಗಂತ ಒಬ್ಬನನ್ನೇ ನೆಚ್ಚಿಕೊಂಡರೆ ಅದು ಸಂಬಂಧವಲ್ಲ, ಹಂಗು. ಅವನು ಹೇಳಿದ್ದೇ ರೇಟು, ಅವನು ಮುಳುಗಿದರೆ ನೀವೂ ಮುಳುಗಿದಿರಿ. ಬೇರೆ ಬೇರೆ ದೇಶಗಳಲ್ಲಿ ಮೂರ್ನಾಲ್ಕು ಗಟ್ಟಿ ನಂಟು ಇದ್ದರೆ ಮಾತ್ರ ಚೌಕಾಸಿಗೆ ಬಲ. ಸಬ್ಸಿಡಿಗಾಗಿ ಕೂಗುವ ನಮ್ಮ ಸಂಘಗಳು, ಸಣ್ಣ ರಫ್ತುದಾರರಿಗೆ ಇಂಥ ನಂಟು ಬೆಳೆಸಿಕೊಡೋಕೂ ಅಷ್ಟೇ ದುಡಿಯಬೇಕು ಅಂತ ನನ್ನ ಅನಿಸಿಕೆ.

ನೀವೇನಂತೀರಿ?