ಬಿಡಿಸಿದ ಒಗಟು, ಬರೆದಿಡದ ಲೆಕ್ಕ

ಮೊನ್ನೆ ಭಾನುವಾರ ಹಳೇ ಪೇಪರ್ ತೂಕಕ್ಕೆ ಹಾಕೋಣ ಅಂತ ಕಪಾಟು ತೆಗೆದಿದ್ದೆ. ಒಂದು ಕರೆಂಟ್ ಬಿಲ್ ಜಾರಿ ಬಿತ್ತು. ಅದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆದ ಎರಡು ಸಾಲು ಅಂಕಿಗಳು, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. "ಯಾವ ಚೀಟಿ ಲೆಕ್ಕ ಇದು?" ಅಂದಳು ನನ್ನಾಕೆ. ಹೈದರಾಬಾದಿನಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಅಂಕಿ ಕಂಡರೆ ಮೊದಲು ನೆನಪಾಗುವುದು ಚೀಟಿಯೇ! ಆದರೆ ಇದು ಚೀಟಿಯದಲ್ಲ, ಜಿಯೋಕ್ಯಾಶಿಂಗ್ ಲೆಕ್ಕ. ಬಿಲ್ಲು 2018ರ ಮೇ ತಿಂಗಳದ್ದು. ಅದೇ ವರ್ಷ ಡಿಸೆಂಬರಿನಲ್ಲಿ ಇದು ಕೈಗೆ ಸಿಕ್ಕಿದ್ದರೆ ನನ್ನ ಮಗಳ ಕಣ್ಣಲ್ಲಿ ನೀರು ಬರುತ್ತಿರಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಜಿಯೋಕ್ಯಾಶಿಂಗ್ ಅಂದರೆ ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟ. ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರಬೇಕು. ಅಷ್ಟೇ. ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್‌ಗೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಅದಾದ ಒಂದೆರಡು ದಿನಕ್ಕೇ, ಮೇ 3ರಂದು, ಆರೆಗಾನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬಾತ ಒಂದು ಬಕೆಟ್ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶವನ್ನು ಜಗತ್ತಿಗೆಲ್ಲ ಹೇಳಿದ. ಆಟ ಶುರುವಾದದ್ದು ಹೀಗೆ.

ಇದರಲ್ಲಿ ಒಗಟಿನ ಡಬ್ಬಿಗಳು ಅಂತ ಒಂದು ಜಾತಿ. ಭೂಪಟದಲ್ಲಿ ಅವುಗಳ ಗುರುತು ನೀಲಿ ಬಣ್ಣದ ಪ್ರಶ್ನಾರ್ಥಕ ಚಿಹ್ನೆ. ಅಲ್ಲಿ ಕೊಟ್ಟಿರುವ ಜಾಗದಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ, ಅದು ಬರೀ ನೆಪ. ಒಗಟು ಬಿಡಿಸಿದರೆ ನಿಜವಾದ ಜಾಗ ಗೊತ್ತಾಗುತ್ತದೆ. ಅದು ಸಾಮಾನ್ಯವಾಗಿ ನೆಪದ ಜಾಗದಿಂದ ಮೂರು ಕಿಲೋಮೀಟರ್ ಸುತ್ತಳತೆಯೊಳಗೆ ಇರುತ್ತದೆ. ಅಂದರೆ ಈ ಆಟದಲ್ಲಿ ಎರಡು ಕೆಲಸ. ಒಂದು, ಮನೆಯಲ್ಲಿ ಕೂತು ಬಿಡಿಸುವುದು. ಇನ್ನೊಂದು, ಹೊರಗೆ ಹೋಗಿ ಹುಡುಕುವುದು. ನಾನು ಈವತ್ತು ಹೇಳಹೊರಟಿದ್ದು ಇವೆರಡರ ನಡುವಿನ ಮೂರನೇ ಕೆಲಸದ ಬಗ್ಗೆ. ಯಾರಿಗೂ ಬೇಡವಾದ ಕೆಲಸ ಅದು: ಬಿಡಿಸಿದ್ದನ್ನು ನೆಟ್ಟಗೆ ಬರೆದಿಡುವುದು.

ಬೇರೆ ಊರಿನವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ರಾತ್ರಿ ಬಿಡಿಸಿ ಬೆಳಿಗ್ಗೆ ಹೋಗಿ ತಂದರಾಯಿತು. ನಮ್ಮ ಹೈದರಾಬಾದಿನಲ್ಲಿ ಹಾಗಲ್ಲ ಸ್ವಾಮಿ. ಒಗಟು ಬಿಡಿಸಲು ಪುರುಸೊತ್ತು ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಮಕ್ಕಳಿಗೆ ರಜೆ, ಹೊರಗೆ ನಲವತ್ತು ದಾಟಿದ ಬಿಸಿಲು, ಕೂಲರಿನ ಮುಂದೆ ಕೂತು ಬೇರೇನು ಮಾಡುವುದು? ಆದರೆ ಆ ಬಿಸಿಲಲ್ಲಿ ಬಂಡೆಗಳ ಮಧ್ಯೆ ಡಬ್ಬಿ ಹುಡುಕಲು ಹೋದರೆ ನಮ್ಮನ್ನೇ ಯಾರಾದರೂ ಹುಡುಕಬೇಕಾಗುತ್ತದೆ. ಆಮೇಲೆ ಮಳೆಗಾಲ, ಶಾಲೆ, ಪರೀಕ್ಷೆ, ಗಣೇಶ, ದಸರಾ, ದೀಪಾವಳಿ. ಕಾಲಿಗೆ ಚಪ್ಪಲಿ ಸಿಕ್ಕುವ ಹೊತ್ತಿಗೆ ನವೆಂಬರ್, ಡಿಸೆಂಬರ್. ಬಿಡಿಸಿದ್ದಕ್ಕೂ ಹೊರಟಿದ್ದಕ್ಕೂ ನಡುವೆ ಆರೇಳು ತಿಂಗಳು. ಅಷ್ಟು ದಿನ ಅಂಕಿ ತಲೆಯಲ್ಲಿ ಉಳಿಯುತ್ತದೆ ಅನ್ನುವವರು ದಯವಿಟ್ಟು ತಮ್ಮ ಪಾದಗಳ ಫೋಟೋ ಕಳಿಸಿ, ಗೋಡೆಗೆ ಹಾಕಿ ಪೂಜೆ ಮಾಡುತ್ತೇನೆ :)

2018ರಲ್ಲಿ ಆಗಿದ್ದೂ ಇದೇ. ಆಗ ಒಂಬತ್ತನೇ ಕ್ಲಾಸಿನಲ್ಲಿದ್ದ ಮಗಳೂ ನಾನೂ ಸೇರಿ ಮೇ ತಿಂಗಳಲ್ಲಿ ಒಂದು ಒಗಟು ಬಿಡಿಸಿದೆವು. ಉತ್ತರ ಬರೆದದ್ದು ಕೈಗೆ ಸಿಕ್ಕಿದ ಕರೆಂಟ್ ಬಿಲ್ಲಿನ ಮೇಲೆ. ಡಿಸೆಂಬರಿನಲ್ಲಿ ಹೊರಟಾಗ ಬಿಲ್ಲು ಇರಲಿಲ್ಲ. "ಫೋನಲ್ಲಿ ಇದೆಯಲ್ಲ, ನಡಿ" ಅಂದೆ. ಫೋನಿನಲ್ಲಿ ಇದ್ದದ್ದು ನೆಪದ ಜಾಗ! ಒಂದು ಕೆರೆ ದಂಡೆಯ ಉದ್ಯಾನ. ಅಲ್ಲಿ ಅಪ್ಪ ಮಗಳು ಮುಕ್ಕಾಲು ಗಂಟೆ ಬೆಂಚುಗಳ ಕೆಳಗೆ ಕೈ ಹಾಕಿದ್ದೇನು, ಕಸದ ಡಬ್ಬಿಯ ಹಿಂದೆ ಬಗ್ಗಿದ್ದೇನು, ಬೇಲಿ ಸಂದಿಯಲ್ಲಿ ಟಾರ್ಚ್ ಬಿಟ್ಟಿದ್ದೇನು... ಮೊದಲು ವಾಚ್‌ಮನ್ ಬಂದ. "ಕ್ಯಾ ಢೂಂಡ್‌ರೈಂ ಸಾಬ್?" ಅಂದ. ನಾನು ಹೇಳಿದ್ದು ಅವನಿಗೆ ಅರ್ಥವಾಗಲಿಲ್ಲ. ವಾಕಿಂಗ್ ಬಂದವರು ನಾಲ್ಕು ಜನ ನಿಂತರು, ಆಮೇಲೆ ಹತ್ತು ಜನ. ಯಾರೋ ಪೊಲೀಸರಿಗೆ ಹೇಳಿದರು. ಅವರು ಮರ್ಯಾದೆಯಿಂದಲೇ ಬ್ಯಾಗ್ ತೆರೆಸಿದರು, ಆಧಾರ್ ಕೇಳಿದರು, ಹತ್ತು ನಿಮಿಷದಲ್ಲಿ ಬಿಟ್ಟರು. ಆದರೆ ಆ ಹತ್ತು ನಿಮಿಷ ಮಗಳು ತಲೆ ತಗ್ಗಿಸಿ ನಿಂತಿದ್ದಳು. ಆಟೋದಲ್ಲಿ ಒಂದೇ ಮಾತು: "ಅಪ್ಪಾ, ನಾನು ಇನ್ನು ಬರಲ್ಲ."

ನನಗೆ ಆ ಜನರ ಮೇಲೆ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. 2007ರ ಆಗಸ್ಟ್ 25ರ ಸಂಜೆ ನಾನು ಈ ಊರಿನಲ್ಲೇ ಇದ್ದೆ. ಲುಂಬಿನಿ ಪಾರ್ಕ್‌ನಲ್ಲಿ, ಕೋಠಿಯ ಗೋಕುಲ್ ಚಾಟ್‌ನಲ್ಲಿ ಬಾಂಬ್ ಸಿಡಿದ ದಿನ ಅದು. 2013ರ ಫೆಬ್ರವರಿ 21ರಂದು ದಿಲ್‌ಸುಖ್‌ನಗರದಲ್ಲಿ ಮತ್ತೆ ಹಾಗೇ ಆಯಿತು. ಅದನ್ನೆಲ್ಲ ಕಂಡ ಊರಿನಲ್ಲಿ, ಪಾರ್ಕಿನ ಬೆಂಚಿನ ಕೆಳಗೆ ಕೈ ಹಾಕುವವನನ್ನು ಜನ ಪ್ರಶ್ನೆ ಮಾಡಲೇಬೇಕು. ಪ್ರಶ್ನೆ ಮಾಡದಿದ್ದರೆ ಹೆದರಿಕೆ ಆಗಬೇಕು. ತಪ್ಪು ನನ್ನದು. ಸರಿಯಾದ ಜಾಗ ಬರೆದಿಟ್ಟಿದ್ದರೆ ನೇರವಾಗಿ ಹೋಗಿ ಐದು ನಿಮಿಷದಲ್ಲಿ ಕೆಲಸ ಮುಗಿಸಬಹುದಿತ್ತು. ಏನೂ ಇಲ್ಲದ ಜಾಗದಲ್ಲಿ ಮುಕ್ಕಾಲು ಗಂಟೆ ತಡಕಾಡಿದ್ದೇ ಅನುಮಾನಕ್ಕೆ ಕಾರಣ. ಹಾಗಾಗಿ ನನ್ನ ಮಟ್ಟಿಗೆ ಇದು ಬರೀ ಅಚ್ಚುಕಟ್ಟುತನದ ಪ್ರಶ್ನೆ ಅಲ್ಲ. ಊರಿನ ಜನರ ನೆಮ್ಮದಿಗೆ ನಾವು ಕೊಡಬೇಕಾದ ಮರ್ಯಾದೆ ಅದು.

ಆಮೇಲೆ ಒಂದು ದಿನ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮ ಮುಗಿಸಿ ಚಹಾ ಕುಡಿಯುತ್ತಾ ಈ ಕಥೆ ಹೇಳಿದೆ. ಕೇಳುತ್ತಿದ್ದ ಹಿರಿಯರೊಬ್ಬರು ಸರ್ವೆ ಕೆಲಸದಲ್ಲಿದ್ದು ನಿವೃತ್ತರಾದವರು. ನಕ್ಕು ಹೇಳಿದರು, "ನಿಮಗೆ ಫೀಲ್ಡ್ ಬುಕ್ ಇಲ್ಲ, ಅದೇ ರೋಗ." ಸರ್ವೆಯವರ ನಿಯಮ ಸರಳ ನೋಡಿ. ಅಳತೆಯನ್ನು ಆಗಿಂದಾಗಲೇ ಪುಸ್ತಕದಲ್ಲಿ ಬರೆಯಬೇಕು, ಬಿಡಿ ಹಾಳೆಯಲ್ಲಿ ಬರೆಯಬಾರದು. ತಪ್ಪಾದರೆ ರಬ್ಬರಿನಿಂದ ಉಜ್ಜಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಬೇಕು. ತಪ್ಪೂ ಕಾಣುತ್ತಿರಬೇಕು. ಲ್ಯಾಂಬ್ಟನ್ ಸಾಹೇಬ 1802ರಲ್ಲಿ ಮದ್ರಾಸಿನ ಬಳಿಯಿಂದ ದೇಶ ಅಳೆಯಲು ಹೊರಟನಲ್ಲ, ಆ ಮಹಾ ಅಳತೆ ನಮ್ಮ ಬೀದರ್ ಸೀಮೆಯ ಮೇಲೂ ಹಾದುಹೋಗಿದೆ. ಅದು ನಿಂತಿದ್ದು ಇಂಥ ಪುಸ್ತಕಗಳ ಮೇಲೆ. ನಮ್ಮ ಡಬ್ಬಿ ಆಟಕ್ಕೆ ಅಷ್ಟು ಗಾಂಭೀರ್ಯ ಬೇಡ ನಿಜ, ಆದರೆ ನಿಯಮ ಅದೇ ಇರಲಿ.

ಅವತ್ತಿನಿಂದ ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಒಂದು ಒಗಟಿಗೆ ಒಂದು ಪುಟ. ಮೇಲೆ ಡಬ್ಬಿಯ ಹೆಸರು, ಜಿಸಿ ಎಂದು ಶುರುವಾಗುವ ಸಂಖ್ಯೆ. ಅದರ ಕೆಳಗೆ ನೆಪದ ಜಾಗ, ಅದರ ಸುತ್ತ ಒಂದು ಚೌಕ, "ಇಲ್ಲಿಗೆ ಹೋಗಬೇಡ" ಅಂತ ಬರಹ. ಅದರ ಕೆಳಗೆ ಬಿಡಿಸಿದ ಜಾಗ. ಹೇಗೆ ಬಿಡಿಸಿದೆ ಅಂತ ಎರಡು ಸಾಲು, ಯಾಕೆಂದರೆ ಆರು ತಿಂಗಳ ನಂತರ ಅನುಮಾನ ಬಂದರೆ ಮತ್ತೆ ಲೆಕ್ಕ ಹಾಕಬಹುದು. ಉತ್ತರ ಸರಿಯೋ ತಪ್ಪೋ ಹೇಳುವ ಚೆಕರ್ ಬಹಳ ಒಗಟುಗಳಿಗೆ ಇರುತ್ತದೆ. ಅಲ್ಲಿ ಪರೀಕ್ಷೆ ಮಾಡಿದ್ದೇನೋ ಇಲ್ಲವೋ ಅನ್ನುವುದಕ್ಕೆ ಒಂದು ಟಿಕ್. ಕೊನೆಯ ಸಾಲು ಖಾಲಿ, ಅದನ್ನು ತುಂಬುವುದು ಹೊರಡುವ ಹಿಂದಿನ ರಾತ್ರಿ: ಡಬ್ಬಿ ಇನ್ನೂ ಚಾಲ್ತಿಯಲ್ಲಿದೆಯೇ, ಇತ್ತೀಚೆಗೆ ಹೋದವರಿಗೆ ಸಿಕ್ಕಿದೆಯೇ? ಬಿಡಿಸಿದ್ದು ಹಳತಾಗುವುದಿಲ್ಲ, ಡಬ್ಬಿ ಹಳತಾಗುತ್ತದೆ.

ಜಾಗವನ್ನು ಎರಡು ರೀತಿಯಲ್ಲಿ ಬರೆಯುತ್ತೇನೆ, ಯಾಕೆ ಅಂತ ಹೇಳಲೇಬೇಕು. ಈ ಆಟದಲ್ಲಿ ಬಳಸುವುದು ಡಿಗ್ರಿ ಮತ್ತು ದಶಮಾಂಶ ಮಿನಿಟು. ಚಾರ್‌ಮಿನಾರ್ ಅಂದರೆ ಉತ್ತರ 17 ಡಿಗ್ರಿ 21.696 ಮಿನಿಟು, ಪೂರ್ವ 78 ಡಿಗ್ರಿ 28.482 ಮಿನಿಟು. ಫೋನಿನ ಭೂಪಟದಲ್ಲಿ ಅದೇ ಜಾಗ 17.3616, 78.4747. ಅವಸರದಲ್ಲಿ ಮೊದಲನೆಯದನ್ನು 17.21696, 78.28482 ಅಂತ ಒತ್ತಿದಿರಿ ಅನ್ನಿ. ಸುಮಾರು 16 ಕಿಲೋಮೀಟರ್ ದಕ್ಷಿಣಕ್ಕೆ, 20 ಕಿಲೋಮೀಟರ್ ಪಶ್ಚಿಮಕ್ಕೆ ಹೋಗಿಬಿಡುತ್ತೀರಿ. ಚಾರ್‌ಮಿನಾರ್ ಬದಲು ಶಂಶಾಬಾದ್ ವಿಮಾನ ನಿಲ್ದಾಣಕ್ಕೂ ಪಶ್ಚಿಮದ ಬಯಲಿನಲ್ಲಿ ನಿಂತಿರುತ್ತೀರಿ! ಇದೇ ಇಷ್ಟು ದೊಡ್ಡ ತಪ್ಪಾದ್ದರಿಂದ ಕಣ್ಣಿಗೆ ಬೀಳುತ್ತದೆ. ಸಣ್ಣದು ಬೀಳುವುದಿಲ್ಲ. 21.696ರ ಬದಲು 21.966 ಅಂತ ಬರೆದರೆ ಅರ್ಧ ಕಿಲೋಮೀಟರ್ ಆಚೆ, ಇನ್ಯಾರದೋ ಕಾಂಪೌಂಡಿನ ಮುಂದೆ. ಎರಡು ರೀತಿಯಲ್ಲಿ ಬರೆದು ತಾಳೆ ನೋಡಿದರೆ ಇಂಥದ್ದು ಮನೆಯಲ್ಲೇ ಸಿಕ್ಕಿಬೀಳುತ್ತದೆ.

"ಇದೆಲ್ಲಾ ಫೋನೇ ಮಾಡುತ್ತದಲ್ಲಾ" ಅಂತ ಕೇಳುವವರಿದ್ದಾರೆ. ಮಾಡುತ್ತದೆ. ಬಿಡಿಸಿದ ಜಾಗವನ್ನು ಡಬ್ಬಿಯ ಪುಟದಲ್ಲಿ ತುಂಬಿದರೆ ಭೂಪಟದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹೋಗಿ ಜಿಗ್ಸಾ ತುಂಡಿನ ಗುರುತು ಬರುತ್ತದೆ, ಅದೂ ಸರಿಯಾದ ಜಾಗದಲ್ಲಿ. ನಿಮಗೆ ಮಾತ್ರ ಕಾಣುವ ಟಿಪ್ಪಣಿಯನ್ನೂ ಬರೆದುಕೊಳ್ಳಬಹುದು. ಎರಡನ್ನೂ ನಾನು ಬಳಸುತ್ತೇನೆ, ನೀವೂ ಬಳಸಿ. ಆದರೆ ತುಂಬುವುದು ನಾವೇ ತಾನೇ? 2018ರಲ್ಲೂ ನನ್ನ ಹತ್ತಿರ ಫೋನಿತ್ತು. ಕೊರತೆ ಇದ್ದದ್ದು ಬಿಡಿಸಿದ ತಕ್ಷಣ ತುಂಬುವ ಅಭ್ಯಾಸದ್ದು.

ಇನ್ನು ಕೆಲವರದು ಬೇರೆ ತಕರಾರು. ಇಷ್ಟೆಲ್ಲಾ ಲೆಕ್ಕಪತ್ರ ಇಟ್ಟರೆ ಆಟ ಹೋಗಿ ಆಫೀಸಾಗುತ್ತದೆ ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ಒಗಟಿನ ಮಜಾ ಬಿಡಿಸುವುದರಲ್ಲಿದೆ, ಹುಡುಕಾಟದ ಮಜಾ ಹುಡುಕುವುದರಲ್ಲಿದೆ. ಮರೆತದ್ದನ್ನು ನೆನಪಿಸಿಕೊಳ್ಳುವುದರಲ್ಲಿ ಯಾವ ಮಜವೂ ಇಲ್ಲ. ಒಂದು ಮಾತು ಮಾತ್ರ ಒಪ್ಪುತ್ತೇನೆ: ಆ ಪುಸ್ತಕ ನಿಮ್ಮದಷ್ಟೇ ಆಗಿರಬೇಕು. ಉತ್ತರದ ಪಟ್ಟಿಯನ್ನು ವಾಟ್ಸಾಪ್‌ನಲ್ಲಿ ಹಂಚುವುದು ಒಗಟು ಕಟ್ಟಿದವರಿಗೆ ಮಾಡುವ ಅನ್ಯಾಯ. ನಮ್ಮಂಥ ಊರಿನಲ್ಲಿ ಒಗಟು ಕಟ್ಟುವವರೇ ಕಡಿಮೆ, ಇರುವವರನ್ನೂ ಓಡಿಸಬೇಡಿ.

ಇಷ್ಟಾದರೂ ಮಗಳು ಬರಲಿಲ್ಲ. ನೋಟ್‌ಬುಕ್ ತೋರಿಸಿದೆ, ತಿರುವಿ ಹಾಕಿ ಪಕ್ಕಕ್ಕಿಟ್ಟಳು. ಕೊನೆಗೆ 2019ರ ಬೇಸಿಗೆಯಲ್ಲಿ ನಾನೇ ಒಂದು ಒಗಟು ಕಟ್ಟಿದೆ. ಎಲ್ಲೂ ಪ್ರಕಟಿಸಿದ್ದಲ್ಲ, ನಮ್ಮಿಬ್ಬರದೇ. ಅವಳು ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದುವುದೆಂದರೆ ಅಷ್ಟಕ್ಕಷ್ಟೆ. ಇಂಗ್ಲಿಷ್ ಶಾಲೆ, ಎರಡನೇ ಭಾಷೆ ತೆಲುಗು. ಆದರೆ ಸಂಗೀತ ಕಲಿಯುತ್ತಿದ್ದಳು, ಮೇಳಕರ್ತ ರಾಗಗಳ ಕಟಪಯಾದಿ ಲೆಕ್ಕ ಗೊತ್ತಿತ್ತು. ಮೇಚಕಲ್ಯಾಣಿಯಲ್ಲಿ ಮ ಅಂದರೆ 5, ಚ ಅಂದರೆ 6, ಬಲದಿಂದ ಓದಿದರೆ 65ನೇ ರಾಗ. ನಾನು ಒಂದು ಹಾಳೆಯಲ್ಲಿ ಕನ್ನಡದ ಒಂದಷ್ಟು ಪದ ಬರೆದುಕೊಟ್ಟೆ. ಮೊದಲನೆಯದು "ಸಾಕು", ನಡುವೆ ಒಂದು "ಹೊಸ".

ಒಂದು ಮಧ್ಯಾಹ್ನ ನೋಡಿದರೆ ನೋಟ್‌ಬುಕ್ಕಿನಲ್ಲಿ ಅವಳ ಅಕ್ಷರ. ಮೊದಲು ೭೧, ೮೭ ಅಂತ ಬರೆದಿದ್ದಳು. ಹಾಗೆ ಓದಿದರೆ ಸೈಬೀರಿಯಾ! ಅದರ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ೧೭, ೭೮. ಹೈದರಾಬಾದ್. ರಬ್ಬರ್ ಬಳಸಿರಲಿಲ್ಲ, ಕನ್ನಡ ಅಂಕಿಗಳು ಮೇಷ್ಟ್ರು ಇಲ್ಲದೆ ತಾನಾಗಿ ಬಂದಿದ್ದವು. ಕೆಳಗೆ ಎರಡು ರೀತಿಯಲ್ಲೂ ಜಾಗ, ತಾಳೆ ನೋಡಿದ ಟಿಕ್. ಮರುದಿನ ಬೆಳಿಗ್ಗೆ ಆರಕ್ಕೆ ನನ್ನನ್ನು ಎಬ್ಬಿಸಿ ಮಲಕಪೇಟೆಯ ಸ್ನೇಹಿತರ ಮನೆಯ ಮಾವಿನ ಮರದ ಕೆಳಗೆ ನೇರವಾಗಿ ಹೋಗಿ ನಿಂತಳು. ಡಬ್ಬಿಯಲ್ಲಿ ಇದ್ದದ್ದು ನಾಲ್ಕು ಧಾರವಾಡ ಪೇಡೆ. ಯಾರೂ ನಮ್ಮನ್ನು ಏನೂ ಕೇಳಲಿಲ್ಲ.

ಅಂದ ಹಾಗೆ, ಕರೆಂಟ್ ಬಿಲ್ಲಿನ ಆ ಒಗಟನ್ನು ನಾವು ಮತ್ತೆ ಬಿಡಿಸಿದೆವು. ಅಷ್ಟರಲ್ಲಿ ಇಟ್ಟವರು ಡಬ್ಬಿಯನ್ನು ಮುಚ್ಚಿಬಿಟ್ಟಿದ್ದರು. ನಿಜವಾದ ಜಾಗ ಆ ಉದ್ಯಾನದಿಂದ ಎರಡು ಕಿಲೋಮೀಟರ್ ದೂರದ ಒಂದು ಬಂಡೆ, ಸುತ್ತ ಯಾರೂ ಇಲ್ಲ. ಬಿಲ್ಲನ್ನು ಮೊನ್ನೆ ತೂಕಕ್ಕೆ ಹಾಕಲಿಲ್ಲ, ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿದ್ದೇನೆ.

ಮಗಳು ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ಬೇಸಿಗೆ ಫೋನಿನಲ್ಲೇ ಕೂತು ಎರಡು ಒಗಟು ಬಿಡಿಸಿದೆವು. ಪುಟ ತುಂಬಿದ್ದೇನೆ, ಕೊನೆಯ ಸಾಲು ಖಾಲಿ ಇದೆ. ಡಿಸೆಂಬರಿನಲ್ಲಿ ಅವಳು ಬಂದಾಗ, ಹಿಂದಿನ ರಾತ್ರಿ ತುಂಬಬೇಕು.

ನಿಮ್ಮೂರಿನಲ್ಲೂ ಯಾರಾದರೂ ಈ ಆಟ ಆಡುತ್ತೀರಾ? ಬಿಡಿಸಿದ್ದನ್ನು ಎಲ್ಲಿ ಬರೆದಿಡುತ್ತೀರಿ? ಕರೆಂಟ್ ಬಿಲ್ಲಿನ ಮೇಲಾದರೆ, ದಯವಿಟ್ಟು ಈಗಲೇ ಎದ್ದು ಹೋಗಿ ಹುಡುಕಿ.