ಬಿಲ್ಲಿನ ಪ್ರತಿ ಸಾಲನ್ನೂ ಕೇಳಿ, ಕೂಲಿಗೆ ಮಾತ್ರ ಚೌಕಾಸಿ ಬೇಡ

ಗಾಡಿ ಇಟ್ಟುಕೊಂಡವರಿಗೆಲ್ಲ ನನ್ನದೊಂದು ವಿನಂತಿ. ಸರ್ವಿಸ್ ಮುಗಿದು ಬಿಲ್ ಕೈಗೆ ಬಂದಾಗ ಕೆಳಗಿನ ಮೊತ್ತವನ್ನಷ್ಟೇ ನೋಡಿ ದುಡ್ಡು ಕೊಟ್ಟು ಬರಬೇಡಿ. ಮನೆಗೆ ಬಂದು ‘ಸುಲಿದುಬಿಟ್ಟರು’ ಎಂದು ಗೊಣಗುವ ಬದಲು ಅಲ್ಲೇ ಹತ್ತು ನಿಮಿಷ ನಿಂತು ಓದಿ, ಅರ್ಥವಾಗದ್ದನ್ನು ಕೇಳಿ.

ಮಾಮೂಲಿ 110 ಸಿಸಿ ಸ್ಕೂಟರಿನ ಬಿಲ್ಲನ್ನೇ ತೆಗೆದುಕೊಳ್ಳಿ. ಎಂಜಿನ್ ಆಯಿಲ್ ಇರುತ್ತದೆ. ಅದು ಒಂದು ಲೀಟರನ್ನೂ ಮುಟ್ಟುವುದಿಲ್ಲ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಎಷ್ಟು ಕಿಲೋಮೀಟರಿಗೆ ಬದಲಾಗಬೇಕು ಎಂಬುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲೇ ಇದೆ. ಅದರ ಕೆಳಗೆ ಎಂಜಿನ್ ಫ್ಲಶ್, ಟೆಫ್ಲಾನ್ ಕೋಟಿಂಗ್, ಕನ್ಸ್ಯೂಮಬಲ್ಸ್ ಎಂದೆಲ್ಲ ಸಾಲುಗಳಿರುತ್ತವೆ. ಪುಸ್ತಕ ಹೇಳದ, ನೀವೂ ಕೇಳದ ಕೆಲಸ ಅಲ್ಲಿದ್ದರೆ ಧೈರ್ಯವಾಗಿ ತೆಗೆಸಿ. ಫ್ರೀ ಸರ್ವಿಸ್ ಎಂದರೆ ಲೇಬರ್ ಮಾತ್ರ ಫ್ರೀ, ಆಯಿಲ್‌ಗೆ, ಪಾರ್ಟ್ಸ್‌ಗೆ ದುಡ್ಡು ಕೊಡಲೇಬೇಕು. ಅದಕ್ಕಾಗಿ ಜಗಳವಾಡಿ ಫಲವಿಲ್ಲ.

ತೆರಿಗೆಯ ಸಾಲನ್ನು ಇನ್ನೂ ಹುಷಾರಾಗಿ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೆ ಶೇ 18 ಜಿಎಸ್‌ಟಿ, ಲೇಬರ್‌ಗೂ ಅಷ್ಟೇ. ಆದರೆ ಪ್ಯಾಕೆಟ್ ಮೇಲೆ ಅಚ್ಚಾದ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಬ್ರೇಕ್ ಶೂ ಪ್ಯಾಕೆಟ್ಟಿನ ಮೇಲೆ 300 ರೂಪಾಯಿ ಇದ್ದರೆ, ಅದನ್ನೇ ಬಿಲ್ಲಿನಲ್ಲಿ ಬರೆದು ಮತ್ತೆ 54 ರೂಪಾಯಿ ತೆರಿಗೆ ಸೇರಿಸುವಂತಿಲ್ಲ. ಖಾಲಿ ಪ್ಯಾಕೆಟ್ ಕೇಳಿ ಪಡೆಯಿರಿ. ಬಿಚ್ಚಿದ ಹಳೇ ಶೂ ಕೂಡ ಕೇಳಿ: ಲೈನಿಂಗ್ ಸವೆದು ಲೋಹಕ್ಕೆ ತಾಗುವಂತಿದ್ದರೆ ಬದಲಿಸಿದ್ದು ಸರಿ, ಇನ್ನೂ ದಪ್ಪಗಿದ್ದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ಇಷ್ಟು ಕೇಳಿದ ಮೇಲೆ ಇನ್ನೊಂದು ಮಾತನ್ನೂ ನಡೆಸಿಕೊಡಿ. ಎಸಿ ಹಾಕಿದ ಶೋರೂಮಿನಲ್ಲಿ ಸಾವಿರಗಟ್ಟಲೆ ಹಣವನ್ನು ತುಟಿ ಬಿಚ್ಚದೆ ಕೊಡುವ ನಾವು, ರಸ್ತೆ ಬದಿಯ ಮೆಕ್ಯಾನಿಕ್ 200 ರೂಪಾಯಿ ಲೇಬರ್ ಕೇಳಿದರೆ ‘ನೂರೈವತ್ತು ತಗೊಳ್ಳಿ ಅಣ್ಣ’ ಎನ್ನುತ್ತೇವೆ. ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಕಾದ ಸೈಲೆನ್ಸರಿನ ಪಕ್ಕ ಕೈ ತೂರಿಸಿ, ಗಾಡಿಯ ಸದ್ದು ಕೇಳಿಯೇ ರೋಗ ಹಿಡಿಯುವ ವಿದ್ಯೆಗೆ ಅವರು ವರ್ಷಗಳನ್ನು ಸವೆಸಿದ್ದಾರೆ. ಎರಡು ನಿಮಿಷದಲ್ಲಿ ಸರಿಮಾಡಿದರು ಎಂಬ ಕಾರಣಕ್ಕೆ ಆ ಕೂಲಿಯನ್ನು ಕಡಿತ ಮಾಡುವುದು ಅನ್ಯಾಯ. ಅವರಿಂದಲೂ ಚೀಟಿ ಬರೆಸಿಕೊಳ್ಳಿ, ಆದರೆ ಕೇಳಿದಷ್ಟು ಕೂಲಿ ಕೊಡಿ.

ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕೇಳಿಯೂ ಉತ್ತರ ಸಿಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ.

ಗ್ಯಾರೇಜ್ ನಡೆಸುವವರಲ್ಲೂ ಕೈಮುಗಿದು ಕೇಳುತ್ತೇನೆ. ಜಾಬ್ ಕಾರ್ಡಿನಲ್ಲಿ ಬರೆಯದ ಕೆಲಸಕ್ಕೆ ಕೈ ಹಾಕುವ ಮೊದಲು ಗಿರಾಕಿಗೆ ಒಂದು ಫೋನ್ ಮಾಡಿ. ಯಾವ ಕೆಲಸಕ್ಕೆ ಎಷ್ಟು ಲೇಬರ್ ಎಂದು ಕನ್ನಡದಲ್ಲಿ ಬೋರ್ಡ್ ಹಾಕಿ. ಬರುವ ಆಯುಧಪೂಜೆಗೆ ಅಂಗಡಿಗೆ ಬಣ್ಣ ಬಳಿಸುವಾಗಲೇ ಅದನ್ನೂ ಬರೆಸಿಬಿಡಿ.